ಕಪ್ಪುಕುಳಿಗೆ ಮಳೆ ಬೀಳುವ ಊರು

ಈ ವರ್ಷ ಹೂಮಳೆ ಚೆನ್ನಾಗಿ ಬಂತು. ಎಂಟೊಂಬತ್ತು ದಿನಕ್ಕೆ ತೋಟವೆಲ್ಲಾ ಬೆಳ್ಳಗೆ, ಮೂಡಿಗೆರೆ ಕಡೆಯ ನಮ್ಮ ಮನೆ ತನಕ ಕಾಫಿ ಹೂವಿನ ಘಮ. ಕಣ ಖಾಲಿ ಇತ್ತು. ಅಲ್ಲಿ ಆರು ಇಂಚಿನ ಟೆಲಿಸ್ಕೋಪ್ ಇಟ್ಟು ಅಣ್ಣನ ಮಗಳಿಗೆ ಎಂ87 ಎಂಬ ಗ್ಯಾಲಕ್ಸಿ ತೋರಿಸಿದೆ.

ಹುಡುಕುವುದು ಕಷ್ಟವಲ್ಲ. ನಮ್ಮಲ್ಲಿ ಉತ್ತರೆ ಮಳೆ ಅಂತೀವಲ್ಲ, ಆ ಉತ್ತರೆ ನಕ್ಷತ್ರವೇ ಡೆನೆಬೋಲಾ. ಅಲ್ಲಿಂದ ಕನ್ಯಾ ರಾಶಿಯ ವಿಂಡಮಿಯಾಟ್ರಿಕ್ಸ್ ಕಡೆ ಹೆಚ್ಚುಕಡಿಮೆ ಅರ್ಧ ದಾರಿ ಹೋದರೆ ಒಂದು ಮಸುಕು ಚುಕ್ಕೆ ಸಿಗುತ್ತದೆ. 5.5 ಕೋಟಿ ವರ್ಷ ಹಿಂದೆ ಹೊರಟ ಬೆಳಕು ಅದು. 2019ರ ಏಪ್ರಿಲ್‌ನಲ್ಲಿ ಎಲ್ಲರ ಮೊಬೈಲ್‌ಗೂ ಬಂದ ಆ ಕಿತ್ತಳೆ ಬಣ್ಣದ ಉಂಗುರ ಇದರ ನಡುವಿನ ಕಪ್ಪುಕುಳಿಯದ್ದೇ, ಅಂದರೆ ಬೆಳಕನ್ನೂ ಬಿಡದೆ ನುಂಗುವ ಬ್ಲ್ಯಾಕ್ ಹೋಲ್‌ನದ್ದು. ನಮ್ಮ ಸೂರ್ಯನಂಥ 650 ಕೋಟಿ ಸೂರ್ಯರ ತೂಕ.

"ಚಿಕ್ಕಪ್ಪ, ಸುತ್ತ ಸಾವಿರಾರು ಗ್ಯಾಲಕ್ಸಿ ಇದೆ ಅಂದ್ರಲ್ಲ, ಹಾಗಾದ್ರೆ ಅದಕ್ಕೆ ತಿನ್ನೋಕೆ ಜಾಸ್ತಿ ಸಿಗುತ್ತೆ ಅಲ್ವಾ?"

ಹೌದು ಅಂದುಬಿಟ್ಟೆ. ಮಲಗಿದ ಮೇಲೆ ಆ ಉತ್ತರ ತಪ್ಪು ಅನ್ನಿಸತೊಡಗಿತು. ಬೆಳಿಗ್ಗೆ ಅವಳನ್ನು ಕರೆದು ಮತ್ತೆ ಹೇಳಿದೆ. ಅದನ್ನೇ ಇಲ್ಲೂ ಬರೆಯುತ್ತಿದ್ದೇನೆ, ಯಾಕೆಂದರೆ ಇಷ್ಟು ಸೊಗಸಾದ ವಿಷಯ ನಮ್ಮ ಭಾಷೆಯಲ್ಲಿ ಇರಬೇಕು ಅಂತ ನನಗೆ ತುಂಬಾ ಆಸೆ.

ಹಾಸನ ಜಿಲ್ಲೆಯನ್ನೇ ನೋಡಿ. ಸಕಲೇಶಪುರದಲ್ಲಿ ಜುಲೈ ಅಂದರೆ ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ. ಅದೇ ಜಿಲ್ಲೆಯ ಅರಸೀಕೆರೆಯಲ್ಲಿ ಅದೇ ತಿಂಗಳು ಮೋಡ ತಲೆ ಮೇಲೆ ಓಡುತ್ತಿರುತ್ತದೆ, ರೈತ ನೋಡುತ್ತಾ ನಿಂತಿರುತ್ತಾನೆ, ಒಂದು ಹನಿ ಬೀಳುವುದಿಲ್ಲ. ಮೋಡ ಇರುವುದು ಬೇರೆ, ಅದು ಇಳಿಯುವುದು ಬೇರೆ. ಗ್ಯಾಲಕ್ಸಿಗಳ ಕಥೆಯೂ ಇದೇ.

ಕಪ್ಪುಕುಳಿಯ ಮುಖ್ಯ ಊಟ ಅನಿಲ. ಗ್ಯಾಲಕ್ಸಿಗಳ ದೊಡ್ಡ ಗುಂಪಿಗೆ ಗುಚ್ಛ ಅಂತಾರೆ. ಎಂ87 ಇರುವ ಕನ್ಯಾ ಗುಚ್ಛದಂಥ ದೊಡ್ಡ ಗುಚ್ಛದಲ್ಲಿ ಅನಿಲಕ್ಕೆ ಬರ ಇಲ್ಲ. ಅಲ್ಲಿನ ನಕ್ಷತ್ರಗಳನ್ನೆಲ್ಲಾ ಒಟ್ಟು ಹಾಕಿದರೂ ಗ್ಯಾಲಕ್ಸಿಗಳ ನಡುವೆ ಹರಡಿರುವ ಅನಿಲದ ತೂಕಕ್ಕೆ ಬರುವುದಿಲ್ಲ. ಆದರೆ ಅದು ಕೋಟಿಗಟ್ಟಲೆ ಡಿಗ್ರಿ ಬಿಸಿ. ಅಷ್ಟು ಬಿಸಿಯಾದದ್ದು ಸುಲಭಕ್ಕೆ ಕೆಳಗೆ ಇಳಿಯುವುದಿಲ್ಲ. ಇದು ಸಾಲದು ಎಂಬಂತೆ, ಹೊರಗಿಂದ ಹೊಸದಾಗಿ ಬೀಳುವ ಗ್ಯಾಲಕ್ಸಿಯ ತಣ್ಣನೆ ಅನಿಲವನ್ನೂ ಈ ಬಿಸಿ ಅನಿಲ ಎದುರುಗಾಳಿಯ ಹಾಗೆ ಕಿತ್ತುಕೊಂಡು ಹೋಗುತ್ತದೆ. ಗ್ಯಾಲಕ್ಸಿಗಳು ಒಂದಕ್ಕೊಂದು ಸೇರಿ ಒಂದಾದರೆ ಅನಿಲ ನಡುವಿಗೆ ಇಳಿಯಬಹುದು, ಆದರೆ ಅದೂ ಕಷ್ಟ: ದೊಡ್ಡ ಗುಚ್ಛದಲ್ಲಿ ಗ್ಯಾಲಕ್ಸಿಗಳು ಸೆಕೆಂಡಿಗೆ ಸಾವಿರ ಕಿ.ಮೀ. ಆಸುಪಾಸಿನ ವೇಗದಲ್ಲಿ ಪಕ್ಕದಲ್ಲೇ ಹಾದು ಹೋಗಿಬಿಡುತ್ತವೆ.

ಹಾಗಾದರೆ ಹೊಟ್ಟೆ ತುಂಬಾ ತಿನ್ನುವ ಕಪ್ಪುಕುಳಿಗಳು ಎಲ್ಲಿವೆ? 1963ರಲ್ಲಿ ಖಗೋಳ ವಿಜ್ಞಾನಿ ಮಾರ್ಟನ್ ಶ್ಮಿಟ್ 3ಸಿ 273 ಎಂಬ 'ನಕ್ಷತ್ರ' ನಿಜವಾಗಿ ಎಷ್ಟು ದೂರದ್ದು ಅಂತ ಕಂಡುಹಿಡಿದರು. ಕ್ವೇಸಾರ್, ಅಂದರೆ ಹೊಟ್ಟೆ ತುಂಬಾ ತಿನ್ನುತ್ತಾ ಬಹಳ ದೂರದಿಂದಲೂ ಹೊಳೆಯುವ ಕಪ್ಪುಕುಳಿ, ಅದೇನು ಎಂದು ತಿಳಿಯತೊಡಗಿದ್ದು ಅಲ್ಲಿಂದ. ಆಮೇಲೆ ಸ್ಲೋನ್ ಸಮೀಕ್ಷೆಯಂಥ ದೊಡ್ಡ ಆಕಾಶ ಸಮೀಕ್ಷೆಗಳಲ್ಲಿ ಲಕ್ಷಗಟ್ಟಲೆ ಕ್ವೇಸಾರ್ ಸಿಕ್ಕವು. ಅವು ಒಂದರ ಹತ್ತಿರ ಒಂದು ಎಷ್ಟು ಗುಂಪುಗೂಡಿವೆ ಅಂತ ಅಳೆದರೆ ಅವುಗಳ ಮನೆಯ ತೂಕ, ಅಂದರೆ ಸುತ್ತಲಿನ ಕಾಣದ ದ್ರವ್ಯದ ತೂಕ, ಲೆಕ್ಕ ಸಿಗುತ್ತದೆ. ಅದು ಕೆಲವು ಲಕ್ಷ ಕೋಟಿ ಸೂರ್ಯರಷ್ಟು. ದೊಡ್ಡ ಗುಚ್ಛ ಇದಕ್ಕಿಂತ ನೂರಾರು ಪಟ್ಟು ಭಾರ. ಅಂದರೆ ಕ್ವೇಸಾರ್‌ಗೆ ಹಿಡಿಸುವುದು ಪೇಟೆಯೂ ಅಲ್ಲ, ನಿರ್ಜನ ಬಯಲೂ ಅಲ್ಲ. ನಾಲ್ಕಾರು ಮನೆಯ ಊರು. ಅಲ್ಲಿ ಗ್ಯಾಲಕ್ಸಿಗಳು ನಿಧಾನ ಓಡಾಡುತ್ತವೆ, ಒಂದರೊಳಗೊಂದು ಸೇರಲು ಸಮಯ ಸಿಗುತ್ತದೆ, ತಣ್ಣನೆ ಅನಿಲವೂ ಇನ್ನೂ ಉಳಿದಿರುತ್ತದೆ.

ಗಾಳಿ ಬರೀ ಕಿತ್ತುಕೊಳ್ಳುತ್ತದೆ ಅಂದುಕೊಂಡಿದ್ದೆ. ಅದೂ ಪೂರ್ತಿ ಸರಿಯಲ್ಲ. ಗುಚ್ಛದೊಳಗೆ ಬೀಳುವಾಗ ಅನಿಲ ಬಾಲದ ಹಾಗೆ ಹಿಂದೆ ಎಳೆದುಕೊಳ್ಳುವ ಗ್ಯಾಲಕ್ಸಿಗಳಿಗೆ ಜೆಲ್ಲಿಫಿಶ್ ಅಂತ ಹೆಸರು. 2017ರಲ್ಲಿ ಚಿಲಿಯ ದೊಡ್ಡ ಟೆಲಿಸ್ಕೋಪಿನಿಂದ ಇಂಥ 7 ಗ್ಯಾಲಕ್ಸಿ ನೋಡಿದಾಗ ಹೆಚ್ಚಿನವುಗಳ ಕಪ್ಪುಕುಳಿ ಊಟಕ್ಕೆ ಕೂತಿತ್ತು! ಕೀಳುವ ಗಾಳಿಯೇ ಸ್ವಲ್ಪ ಅನಿಲವನ್ನು ನಡುವಿಗೆ ತಳ್ಳುತ್ತದೆ ಅಂತ ವಿಜ್ಞಾನಿಗಳ ಊಹೆ.

ಇನ್ನು ಗುಚ್ಛದ ನಟ್ಟನಡುವಿನ ದೊಡ್ಡಣ್ಣ, ಎಂ87 ಥರದ್ದು. ಅದರದ್ದು ಬೇರೆಯೇ ಲೆಕ್ಕ. ಕ್ವೇಸಾರ್‌ಗೆ ಹೋಲಿಸಿದರೆ ಅದು ತಿನ್ನುವುದು ತುಂಬಾ ಕಮ್ಮಿ, ಆದರೆ ಉಗುಳುವ ಜೆಟ್, ಅಂದರೆ ಕಾರಂಜಿಯ ಹಾಗೆ ಚಿಮ್ಮುವ ಧಾರೆ, ಸಾವಿರಾರು ಜ್ಯೋತಿರ್ವರ್ಷ ಉದ್ದ. ರೇಡಿಯೋ ಅಲೆಯಲ್ಲಿ ಆರ್ಭಟಿಸುವ ಕಪ್ಪುಕುಳಿಗಳು ಇಂಥ ದಟ್ಟ ಜಾಗದಲ್ಲೇ ಜಾಸ್ತಿ. ಜೆಟ್ ಸುತ್ತಲಿನ ಅನಿಲವನ್ನು ಬಿಸಿಯಾಗಿಡುತ್ತದೆ, ಅದರಿಂದ ತನ್ನ ಊಟವನ್ನೇ ತಾನು ತಡೆಯುತ್ತದೆ. ಅನಿಲ ಮತ್ತೆ ಅಲ್ಲಲ್ಲಿ ತಣ್ಣಗಾಗಿ ಹೆಪ್ಪುಗಟ್ಟಿದಾಗ ತುಣುಕು ತುಣುಕಾಗಿ ಒಳಗೆ ಬೀಳುತ್ತದೆ. ಇದನ್ನು ವಿಜ್ಞಾನಿಗಳೂ ಮಳೆ ಅಂತಲೇ ಕರೆಯುತ್ತಾರೆ, ನಾನು ಸುಮ್ನೆ ಕಟ್ಟಿದ ಹೋಲಿಕೆಯಲ್ಲ. 2016ರಲ್ಲಿ ಆಲ್ಮಾ ಎಂಬ ರೇಡಿಯೋ ದೂರದರ್ಶಕ ಏಬೆಲ್ 2597 ಗುಚ್ಛದ ನಡುವಿನ ಗ್ಯಾಲಕ್ಸಿಯಲ್ಲಿ ಇದನ್ನು ಕಂಡಿತು. ಮೂರು ತಣ್ಣನೆ ಮೋಡಗಳು, ಸೆಕೆಂಡಿಗೆ ಸುಮಾರು 300 ಕಿ.ಮೀ. ವೇಗದಲ್ಲಿ, ಕಪ್ಪುಕುಳಿಯ ಕಡೆಗೆ. ನೂರು ಕೋಟಿ ಜ್ಯೋತಿರ್ವರ್ಷ ದೂರದ ಆ ಮಳೆ ಇಲ್ಲಿಂದ ಗೊತ್ತಾಗುತ್ತದೆ ಅಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇಷ್ಟೆಲ್ಲಾ ಕೇಳಿ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಮ್ಮದು ಅರಸೀಕೆರೆನಾ, ಸಕಲೇಶಪುರನಾ?"

ನಮ್ಮ ಆಕಾಶಗಂಗೆ ಇರುವುದು ಸಣ್ಣ ಗುಂಪಿನಲ್ಲೇ. ಊರು ಒಳ್ಳೆಯದು. ನಡುವಿನ ಕಪ್ಪುಕುಳಿಗೆ 40 ಲಕ್ಷ ಸೂರ್ಯರ ತೂಕ, ಆದರೆ ಸದ್ಯಕ್ಕೆ ಅಲ್ಲಿ ಮಳೆ ಇಲ್ಲ, ಏನೋ ತುಂತುರು ಅಷ್ಟೇ. ಊರು ಸರಿ ಇದ್ದರೆ ಸಾಲದು, ಮಳೆಗಾಲವೂ ಬರಬೇಕು.

ಆ ಜಾಗ ಧನು ರಾಶಿಯ ದಿಕ್ಕಿನಲ್ಲಿದೆ, ಈ ತಿಂಗಳಲ್ಲಿ ಬೆಳಗಿನ ಜಾವ ಚೆನ್ನಾಗಿ ಮೇಲೆ ಬಂದಿರುತ್ತದೆ. ಅವಳು ನಾಲ್ಕು ಗಂಟೆಗೆ ಅಲಾರಂ ಇಟ್ಟಿದ್ದಾಳೆ. ಟೆಲಿಸ್ಕೋಪ್ ಕಣದಲ್ಲೇ ಇದೆ, ಇಬ್ಬನಿಗೆ ಒಂದು ಗೋಣಿಚೀಲ ಹೊದಿಸಿ ಬಂದೆ.