ಮೂವತ್ತು ವರ್ಷದ ಸೌಟು

ಮಂಗಳವಾರದಿಂದ ಒಂದೇ ಪ್ರಶ್ನೆ ತಲೆಯಲ್ಲಿ ಕೂತಿದೆ. ದೇವಿಮನೆ ಘಟ್ಟ ಇಳಿಯುವಾಗ ಪಕ್ಕದ ಸೀಟಿನಲ್ಲಿದ್ದ ದೊಡ್ಡಪ್ಪ ಕೇಳಿದ್ದು.

"ತಂಗಿ, ನಿನ್ ಹತ್ರ ಯಾರದ್ದಾದ್ರೂ ಎಂತಾದ್ರೂ ಇದ್ದಾ?"

"ಎಂತೂ ಇಲ್ಲೆ ದೊಡ್ಡಪ್ಪ" ಅಂದೆ. ಎದುರಿಗೆ ಲಾರಿ, ಮೇಲಿಂದ ತಿರುವು. ಯೋಚನೆ ಮಾಡದೆ ಬಾಯಿಗೆ ಬಂದ ಉತ್ತರ.

ಅವನ ತೊಡೆಯ ಮೇಲೆ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ ಹಿತ್ತಾಳೆ ಸೌಟು ಇತ್ತು. ಮೊಳದುದ್ದದ್ದು. ಹಿಡಿಯ ಮೇಲೆ ಚುಕ್ಕಿ ಚುಕ್ಕಿಯಾಗಿ ಹೊಡೆದ ಎರಡು ಅಕ್ಷರ. ಒಂದು ತಿಕ್ಕಿ ತಿಕ್ಕಿ ಸವೆದೇ ಹೋಗಿದೆ. 1994ರಲ್ಲಿ ಅವನ ಮಗಳ ಮದುವೆಗೆ ಕುಮಟಾ ಕಡೆಯ ಗೆಳೆಯರ ಮನೆಯಿಂದ ದೊಡ್ಡ ಪಾತ್ರೆಗಳನ್ನು ತಂದಿದ್ದರು. ಉಳಿದದ್ದೆಲ್ಲ ವಾಪಸ್ ಹೋಯಿತು, ಸೌಟು ಉಳಿಯಿತು. ಅಷ್ಟರಲ್ಲಿ ಒಂದು ತಾಳಮದ್ದಲೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ಅರ್ಥಧಾರಿಗಳು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಇವನದ್ದು ಭೀಷ್ಮ, ಅವರದ್ದು ಕೃಷ್ಣ. ಅರ್ಥ ಹೇಳುತ್ತಾ ಹೇಳುತ್ತಾ ಪಾತ್ರ ಬಿಟ್ಟು ಸ್ವಂತಕ್ಕೆ ಇಳಿದರಂತೆ. ನಮ್ಮ ಕಡೆ ಇದೇನು ಹೊಸದಲ್ಲ. ಆದರೆ ಆಮೇಲೆ ಜನ್ಮಕ್ಕೂ ಮಾತು ಬಿಟ್ಟದ್ದು ಶುದ್ಧ ಮೊಂಡುತನ. ದೊಡ್ಡಪ್ಪನಿಗೆ ಅದು ಜಾಸ್ತಿ, ಅವನೆದುರೇ ಹೇಳಿದ್ದೇನೆ. ಆ ಗೆಳೆಯರು ತೀರಿಕೊಂಡು ಆರು ವರ್ಷ ಆಯಿತು. ಇವನು ಸಾವಿಗೂ ಹೋಗಿರಲಿಲ್ಲ.

ಬೆಳಿಗ್ಗೆ ಶಿರಸಿಯಲ್ಲಿ ಮೊದಲು ನೋಟರಿ ಹತ್ತಿರ ಕೆಲಸ ಇತ್ತು. ಟೈಪ್ ಮಾಡುವ ಹುಡುಗ "ಉಯಿಲಾ ಅಜ್ಜ? ತೋಟ ಎಷ್ಟು ಎಕರೆ?" ಅಂದ.

"ತೋಟದ್ದಲ್ಲ ಮಾರಾಯ, ಮೂಗಿನ ನಳಿಗೆದ್ದು."

ಹುಡುಗ ನನ್ನ ಮುಖ ನೋಡಿದ. ಲಿವಿಂಗ್ ವಿಲ್ ಅಂದೆ. ವಾಸಿಯಾಗದ ಸ್ಥಿತಿಗೆ ಬಂದು, ಹೇಳಲಿಕ್ಕೂ ಬಾಯಿಲ್ಲದಾಗ, ವೆಂಟಿಲೇಟರ್ ಹಾಕಿ ಎಳೆಯಬೇಡಿ ಅಂತ ಈಗಲೇ ಬರೆದಿಡುವ ಕಾಗದ. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತ್ತು, ಆದರೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. ಅದಕ್ಕೆ ಯಾರು ಅಲೆಯುತ್ತಾರೆ? 2023ರಲ್ಲಿ ಅದನ್ನು ಸಡಿಲ ಮಾಡಿದರು. ಈಗ ಇಬ್ಬರು ಸಾಕ್ಷಿ, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ ಸುತ್ತೋಲೆ ಹೊರಡಿಸಿತು. ಕಾಗದ ಇದೆ ಅಂತ ಯಾರೋ ಒಬ್ಬರು ನಳಿಗೆ ಕಿತ್ತುಹಾಕುವ ಹಾಗಿಲ್ಲ. ಎರಡು ಸುತ್ತು ವೈದ್ಯರ ತಂಡ ಕೂತು ನೋಡಬೇಕು. ಇಂಜೆಕ್ಷನ್ ಕೊಟ್ಟು ಸಾಯಿಸುವುದಂತೂ ಅಲ್ಲವೇ ಅಲ್ಲ. ಇದನ್ನು ನಾನು ಹುಡುಗನಿಗೆ ಎರಡು ಸಲ ಹೇಳಬೇಕಾಯಿತು, ಬೆಂಗಳೂರಿನ ಅಣ್ಣನಿಗೆ, ಅಂದರೆ ದೊಡ್ಡಪ್ಪನ ಮಗನಿಗೆ, ಫೋನಿನಲ್ಲಿ ನಾಲ್ಕು ಸಲ.

ಅಣ್ಣನಿಗೆ ಸಿಟ್ಟು. "ಅಪ್ಪಂಗೆ ಔಷಧಿ ಮಾಡಿಸಲಿಲ್ಲ ಅಂತಾರೆ ಜನ." ವರ್ಷಕ್ಕೆ ಎರಡು ಸಲ ಬರುತ್ತಾನೆ, ಚೌತಿಗೊಂದು, ಅಡಿಕೆ ಕೊಯ್ಲಿಗೊಂದು. ಅವನಿಗೆ ಜನರ ಚಿಂತೆ.

ದೊಡ್ಡಪ್ಪ ಫೋನ್ ಕಸಿದುಕೊಂಡು ಹೇಳಿದ: "ಭೀಷ್ಮಂಗೆ ಇಚ್ಛಾಮರಣ ಇತ್ತು. ಆದ್ರೂ 58 ರಾತ್ರಿ ಬಾಣದ ಮೇಲೆ ಮಲಗಿದ. ಅದಕ್ಕಿಂತ ದೊಡ್ಡ ಐಸಿಯು ಬೇಕಾ?" ಟೈಪಿಂಗ್ ನಿಂತು ಎಲ್ಲರೂ ನಕ್ಕರು. ಅರ್ಥಧಾರಿಗೆ ಸಭೆ ಸಿಕ್ಕರೆ ಸಾಕು.

ದಿನಾ ಮುಸ್ಸಂಜೆ ಅವನು ಹೇಳುವ ಒಂದು ಶ್ಲೋಕ ಇದೆ, ಎಲ್ಲರಿಗೂ ಗೊತ್ತಿರುವುದೇ. ಅನಾಯಾಸೇನ ಮರಣಂ, ವಿನಾ ದೈನ್ಯೇನ ಜೀವನಂ. ನಾವೆಲ್ಲ ಮೊದಲರ್ಧ ಕೇಳಿಕೊಂಡು ಕೈಮುಗಿಯುತ್ತೇವೆ. ನಿದ್ದೆಯಲ್ಲೇ ಹೋಗಲಿ ಮಾರಾಯ್ರೆ, ಅಷ್ಟೇ. ಎರಡನೇ ಅರ್ಧ ದಿನಾ ಬೆಳಿಗ್ಗೆಯಿಂದ ರಾತ್ರಿಯವರೆಗೆ ಮಾಡಬೇಕಾದ ಕೆಲಸ. ಯಾರೆದುರೂ ಕುಗ್ಗದೆ ಬದುಕಬೇಕು ಅಂದರೆ ಯಾರದ್ದೂ ಇಟ್ಟುಕೊಂಡಿರಬಾರದು. ಇದು ನನ್ನ ವ್ಯಾಖ್ಯಾನ, ಭಟ್ಟರು ಒಪ್ಪಲಿಕ್ಕಿಲ್ಲ.

ಕುಮಟೆಯ ಮನೆಯಲ್ಲಿ ಸೊಸೆ ಒಬ್ಬಳೇ ಇದ್ದಳು. ಯಾರು ಏನು ಅಂತ ಗೊತ್ತಿಲ್ಲದೆಯೂ ಆಸ್ರಿಗೆ ಅಂತ ಕುಡಿಯಲಿಕ್ಕೆ ಮಜ್ಜಿಗೆ ತಂದಿಟ್ಟಳು. ದೊಡ್ಡಪ್ಪ ಗಂಟು ಬಿಚ್ಚಿದ. ಅವಳು ಸೌಟನ್ನು ತಿರುಗಿಸಿ ಅಕ್ಷರ ನೋಡಿದಳು. ಒಳಗೆ ಹೋಗಿ ಇನ್ನೊಂದು ಸೌಟು ತಂದು ಪಕ್ಕದಲ್ಲಿಟ್ಟಳು. ಜೋಡಿ! ಅದರ ಮೇಲೆ ಎರಡೂ ಅಕ್ಷರ ಚೊಕ್ಕ ಇದ್ದವು.

"ಮಾವ ಹೇಳ್ತಿದ್ರು, ಇದರ ಜೋಡಿ ಘಟ್ಟದ ಮೇಲೆ ಉಂಟು, ಅವನೇ ತಂದುಕೊಡ್ತಾನೆ ಅಂತ."

ದೊಡ್ಡಪ್ಪ ಏನೂ ಹೇಳಲಿಲ್ಲ. ಮಾತೇ ಬಂಡವಾಳ ಆದ ಮನುಷ್ಯ. ಕವಳದ ತಟ್ಟೆಯಿಂದ ಒಂದು ಎಲೆ ತೆಗೆದು, ಪಂಚೆಗೆ ಒರೆಸಿದ, ಮತ್ತೆ ಒರೆಸಿದ, ಸುಣ್ಣ ಹಚ್ಚದೇ ಹಾಗೇ ಇಟ್ಟ. ನಾನು ಮಜ್ಜಿಗೆ ಲೋಟ ನೋಡುತ್ತಾ ಕೂತೆ.

ವಾಪಸ್ ಬರುವಾಗ ಕತಗಾಲ ದಾಟುವವರೆಗೂ ಕಣ್ಣು ಮುಚ್ಚಿಕೊಂಡಿದ್ದ. ಘಟ್ಟ ಶುರುವಾದಾಗ ಮತ್ತೆ ಅದೇ. "ನೆನಪು ಮಾಡ್ಕ್ಯ ತಂಗಿ. ಯಾರದ್ದೂ ಇಲ್ಯಾ?"

ಅವನು ಬೇಕೆಂದೇ ಕೇಳಿದನೋ ಏನೋ. ಇದೇ ಘಟ್ಟದಲ್ಲಿ ಆಯಿಯನ್ನು, ನನ್ನ ಅಮ್ಮನನ್ನು, ಆಂಬುಲೆನ್ಸಿನಲ್ಲಿ ಇಳಿಸಿಕೊಂಡು ಹೋಗಿದ್ದೆವು. ದೊಡ್ಡ ಕಾಯಿಲೆ ಬಂದರೆ ಜಿಲ್ಲೆ ದಾಟಬೇಕು, ಅದು ನಮ್ಮ ಹಣೆಬರಹ. ಹನ್ನೊಂದು ದಿನ ವೆಂಟಿಲೇಟರ್. ಏಳನೇ ದಿನ ಡಾಕ್ಟರು ನನ್ನನ್ನೂ ಅಕ್ಕನನ್ನೂ ಕಾರಿಡಾರಿಗೆ ಕರೆದು, ನೀವೇ ಹೇಳಿ ಅಂದರು. ನಾನು ಸಾಕು ಅಂದೆ. ಅಕ್ಕ ಬೇಡ, ಇರಲಿ ಅಂದಳು. "ನಿಂಗೆ ಆಯಿ ಭಾರ ಆತಾ?" ಅಂತ ಕೇಳಿದಳು. ನಾನೂ ಸುಮ್ನಿರಲಿಲ್ಲ. ಏನಂದೆ ಅಂತ ಇಲ್ಲಿ ಬರೆಯುವುದಿಲ್ಲ. ಆಯಿ ಒಂದು ಕಾಗದ ಬರೆದಿಟ್ಟಿದ್ದರೆ ಆ ಕಾರಿಡಾರಿನಲ್ಲಿ ನಾವಿಬ್ಬರೂ ಅಕ್ಕ ತಂಗಿಯರಾಗಿಯೇ ನಿಂತಿರುತ್ತಿದ್ದೆವು. ಈಗ ಮದುವೆ ಮುಂಜಿಯಲ್ಲಿ ಸಿಕ್ಕರೆ ಊಟ ಆಯ್ತಾ ಅಂತ ಕೇಳುತ್ತೇವೆ. ಊಟದ ಪಂಕ್ತಿಯಲ್ಲೇ ಕೂತು.

ಬೆಳಿಗ್ಗೆ ದೊಡ್ಡಪ್ಪ ಸಹಿ ಹಾಕುವಾಗ ನನಗೆ ಅವನ ಸಾವಿಗಿಂತ ಅಣ್ಣ ಮತ್ತು ಅವನ ತಂಗಿ ಕಂಡರು. ಅಣ್ಣನಿಗೆ ಇದು ಅರ್ಥವಾಗುವ ಹೊತ್ತಿಗೆ ಅವನು ಕಾರಿಡಾರಿನಲ್ಲಿರುತ್ತಾನೆ.

ನಿನ್ನೆ ಅಟ್ಟ ಹತ್ತಿದೆ. ಚೌತಿಯ ಮಂಟಪದ ಸಾಮಾನಿನ ಹಿಂದೆ ಅಕ್ಕನ ಫ್ಲಾಸ್ಕ್ ಸಿಕ್ಕಿತು, ಹಸಿರು ಮುಚ್ಚಳದ್ದು. ಆಸ್ಪತ್ರೆಗೆ ಗಂಜಿ ನೀರು ತರುತ್ತಿದ್ದಳು, ಆಯಿಗೆ ಕುಡಿಸಲಿಕ್ಕೆ ಆಗದಿದ್ದರೂ. ಆ ಗಂಜಿ ನಾನೇ ಕುಡಿಯುತ್ತಿದ್ದೆ. ಅಲ್ಲಿಂದ ಸಾಮಾನು ಕಟ್ಟುವಾಗ ನನ್ನ ಚೀಲಕ್ಕೆ ಬಂದದ್ದು, ಅಲ್ಲೇ ಉಳಿಯಿತು. ಮುಚ್ಚಳ ಬಿಗಿದು ಹೋಗಿತ್ತು. ಬಿಸಿ ನೀರಲ್ಲಿಟ್ಟು ತಿರುಗಿಸಿದ ಮೇಲೆ ಬಂತು. ಒಳಗೆ ಮುಗ್ಗಲು ವಾಸನೆ.

ಮೂರು ಸಲ ತೊಳೆದೆ. ಅಡುಗೆಮನೆ ಕಟ್ಟೆಯ ಮೇಲೆ ಬೋರಲು ಹಾಕಿದ್ದೇನೆ, ಇನ್ನೂ ಸ್ವಲ್ಪ ವಾಸನೆ ಇದೆ. ಅಕ್ಕನ ಮನೆ ಇರುವುದು ಕಾರವಾರದಲ್ಲಿ. ಹೇಳಿ ಹೋಗುವುದಾ, ಹೇಳದೇ ಹೋಗುವುದಾ ಅಂತ ದೊಡ್ಡಪ್ಪನನ್ನು ಕೇಳಿದೆ. "ಹೇಳ್ದೇ ಹೋಗು, ಹೇಳಿದ್ರೆ ಅಡುಗೆ ಮಾಡ್ತು" ಅಂದ.