ಇಪ್ಪತ್ತು ಸಲ ಹೇಳುವ ಕಾರ್ಣಿಕ

2025ರ ಆಗಸ್ಟಿನ ಒಂದು ಭಾನುವಾರ ಬೆಳಗ್ಗೆ ಇಡ್ಲಿ ಇಳಿಸುತ್ತಿದ್ದೆ, ಬಾಗಿಲು ಬಡಿದ ಸದ್ದಾಯಿತು. ಪಕ್ಕದ ಮನೆಯ ಬಕೈ ಅಜ್ಜ. ನನಗೆ ಒಂದು ಅವಸರದ ನಮಸ್ಕಾರ ಹಾಕಿ, ನನ್ನ ಹೆಗಲಾಚೆ ಇಣುಕಿ, ಹನ್ನೆರಡು ವರ್ಷದ ನನ್ನ ಮಗನನ್ನು ಹೊರಗೆ ಕರೆದರು. ಇಬ್ಬರೂ ಗ್ಯಾರೇಜಿನ ಮುಂದೆ ನಿಂತು ಆಸ್ತಿ ಪಾಲಿನ ಮಾತುಕತೆಯ ಹಾಗೆ ಗಂಭೀರವಾಗಿ ಮಾತಾಡಿ ಕೈಕುಲುಕಿದರು. ಮಗ ಬಂದು ಸುಮ್ಮನೆ ತಟ್ಟೆಯ ಮುಂದೆ ಕೂತ.

"ಏನಂತೋ?"

"ಈ ವರ್ಷದ್ದು ಎಲ್ಲ ಫುಟ್‌ಬಾಲ್ ಮ್ಯಾಚ್ ವಿಡಿಯೊ ಗೇಮಲ್ಲಿ ಸಿಮ್ ಮಾಡು, ನವೆಂಬರ್ 29ರದ್ದು ಮಾತ್ರ ಮುಟ್ಟಬೇಡ ಅಂದ್ರು. ಪ್ರಾಮಿಸ್ ತಗೊಂಡ್ರು."

ಇಡ್ಲಿಗೆ ಚಟ್ನಿ ಹಾಕುವುದನ್ನೂ ಮರೆತು ನಾನು ನಗುತ್ತ ನಿಂತೆ. ಆಮೇಲೆ ನಗು ನಿಂತಿತು. ಯಾಕೆ ನಿಂತಿತು ಅನ್ನುವುದಕ್ಕೆ ಅದರ ಹಿಂದಿನ ವರ್ಷದಿಂದ ಶುರು ಮಾಡಬೇಕು.

ಬಕೈ ಅಜ್ಜ ಅನ್ನುವುದು ಮಗ ಇಟ್ಟ ಹೆಸರು. ನಾವಿರುವುದು ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ. ಈ ರಾಜ್ಯದ ಮರದ ಹೆಸರು ಬಕೈ. ಅದರ ಬೀಜ ಜಿಂಕೆಯ ಕಣ್ಣಿನಂತೆ, ಕಡುಕಂದು, ಮೇಲೊಂದು ಮಾಸಲು ಬಿಳಿ ಮಚ್ಚೆ. ತಿಂದರೆ ವಿಷ, ಜೇಬಿನಲ್ಲಿಟ್ಟುಕೊಂಡರೆ ಅದೃಷ್ಟ. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೂ ಅದೇ ಹೆಸರು. ಅಜ್ಜನಿಗೆ ಎಪ್ಪತ್ತು ದಾಟಿದೆ, ಪ್ಯಾಂಟಿನ ಬಲಜೇಬಿನಲ್ಲಿ ಬಕೈ ಬೀಜ ಇಲ್ಲದೆ ಆಚೆ ಹೊರಡುವವರಲ್ಲ. ಮೊದಲ ಸಲ ಅದನ್ನು ತೆಗೆದು ತೋರಿಸಿದಾಗ ನನಗೆ ಒಳಗೊಳಗೇ ನಗು ಬಂದಿತ್ತು. ನನ್ನ ದೇವರ ಡಬ್ಬಿಯಲ್ಲಿ ಮೈಲಾರದ ಭಂಡಾರದ ಪೊಟ್ಟಣ ಇರುವುದು ನೆನಪಾದದ್ದು ಸಂಜೆ ದೀಪ ಹಚ್ಚುವಾಗ.

ಇಲ್ಲಿ ಫುಟ್‌ಬಾಲ್ ಅಂದರೆ ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ, ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಆಟ. ಆಡುವವರು ಕಾಲೇಜು ಹುಡುಗರು. ನೋಡುವವರು ಲಕ್ಷ ಜನ. ಇದು ಮಾತಿಗೆ ಹೇಳುವ ಲಕ್ಷ ಅಲ್ಲ, ಇಲ್ಲಿನ ಸ್ಟೇಡಿಯಂನಲ್ಲಿರುವುದೇ 1,02,780 ಆಸನ. ನಾನು ಓದಿದ ಕಾಲೇಜಿನ ಕಬಡ್ಡಿ ತಂಡ ಒಮ್ಮೆ ವಿಶ್ವವಿದ್ಯಾಲಯ ಮಟ್ಟದ ಫೈನಲ್ ತಲುಪಿತ್ತು. ನೋಡಲು ಇದ್ದದ್ದು ನಾವು ಹದಿನಾಲ್ಕು ಜನ, ಬೇಲಿಯಾಚೆ ಒಂದು ಎಮ್ಮೆ. ಗೆದ್ದ ಹುಡುಗರು ಮರುದಿನ ಇಂಟರ್ನಲ್ಸ್ ಬರೆದರು.

ಈ ಹುಚ್ಚು ನಮ್ಮ ಮನೆಯೊಳಗೆ ಬಂದದ್ದು ವಿಡಿಯೊ ಗೇಮ್ ಹಿಡಿದುಕೊಂಡು. 2024ರ ಜುಲೈನಲ್ಲಿ ಇಎ ಸ್ಪೋರ್ಟ್ಸ್‌ನವರ ಕಾಲೇಜ್ ಫುಟ್‌ಬಾಲ್ 25 ಬಂತು. ಅದರ ಹಿಂದಿನದು ಬಂದದ್ದು 2013ರಲ್ಲಿ. ನಡುವಿನ 11 ವರ್ಷ ಆ ಗೇಮೇ ಇರಲಿಲ್ಲ, ಕಾರಣ ಒಂದು ಮೊಕದ್ದಮೆ. ಎಡ್ ಒಬ್ಯಾನನ್ ಎಂಬ ಹಳೆಯ ಬಾಸ್ಕೆಟ್‌ಬಾಲ್ ಆಟಗಾರ ಗೆಳೆಯನ ಮನೆಗೆ ಹೋದಾಗ, ಆ ಮನೆಯ ಹುಡುಗ ಆಡುತ್ತಿದ್ದ ಗೇಮಿನಲ್ಲಿ ತನ್ನನ್ನೇ ಕಂಡ. ಅದೇ ಮೈಕಟ್ಟು, ಅದೇ ನಂಬರ್, ಹೆಸರು ಮಾತ್ರ ಇಲ್ಲ, ಕಾಸೂ ಇಲ್ಲ. 2009ರಲ್ಲಿ ಕೋರ್ಟಿಗೆ ಹೋದ. ಕಾಲೇಜು ಆಟಗಾರರು ತಮ್ಮ ಹೆಸರಿನಿಂದ, ಮುಖದಿಂದ ದುಡಿಯಬಹುದು ಅಂತಾಗಲು 2021 ಬರಬೇಕಾಯಿತು. ಹೊಸ ಗೇಮಿನಲ್ಲಿ ಇರಲು ಒಪ್ಪಿದ ಪ್ರತಿ ಆಟಗಾರನಿಗೆ 600 ಡಾಲರ್, ಜೊತೆಗೆ ಗೇಮಿನ ಒಂದು ಪ್ರತಿ. ತನ್ನನ್ನು ತಾನೇ ಸೋಫಾದ ಮೇಲೆ ಕೂತು ಆಡಿಸುವ ಯೋಗ.

ನನ್ನ ಮಗ ಆಡುವುದು ಕಡಿಮೆ, ಓಡಿಸುವುದು ಹೆಚ್ಚು. ಅಂದರೆ ಬಟನ್ ಒತ್ತಿ ಇಡೀ ಸೀಸನ್ನನ್ನು ಕಂಪ್ಯೂಟರಿಗೇ ಆಡಲು ಬಿಡುತ್ತಾನೆ. ಅವನು ಸಿಮ್ ಅನ್ನುವುದು ಇದಕ್ಕೇ. ಒಬ್ಬೊಬ್ಬ ಆಟಗಾರನ ವೇಗ, ಬಲ, ಕೈಚಳಕಕ್ಕೆಲ್ಲ 99ರವರೆಗೆ ಅಂಕ. ತಂಡಕ್ಕೂ ಅಂಕ: 2024ರಲ್ಲಿ ಜಾರ್ಜಿಯಾಗೆ 95, ನಮ್ಮ ಊರಿನವರಿಗೆ 93. ಅಂಕ ಹೆಚ್ಚಿದ್ದವರೇ ಸದಾ ಗೆಲ್ಲುವುದಿಲ್ಲ, ದಾಳವೂ ಉರುಳುತ್ತದೆ. ಹಾಗಾಗಿ ಒಂದು ಸಲ ಓಡಿಸಿದರೆ ಬರುವ ಫಲಿತಾಂಶ ಇನ್ನೊಂದು ಸಲ ಬರುವುದಿಲ್ಲ. ಇಪ್ಪತ್ತು ಸಲ ಓಡಿಸಿ, ಇಪ್ಪತ್ತನ್ನೂ ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು ಬರೆಯುತ್ತಾನೆ. ಇದನ್ನು ಅವರಪ್ಪ ಕಲಿಸಿದ್ದು. 1946ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಒಬ್ಬನೇ ಇಸ್ಪೀಟು ಆಡುತ್ತಿದ್ದ ಸ್ಟಾನಿಸ್ಲಾವ್ ಉಲಾಮ್ ಎಂಬ ಗಣಿತಜ್ಞನಿಗೆ, ಗೆಲ್ಲುವ ಸಾಧ್ಯತೆಯನ್ನು ಸೂತ್ರ ಹಾಕಿ ಲೆಕ್ಕ ಮಾಡುವುದಕ್ಕಿಂತ ನೂರು ಸಲ ಎಲೆ ಹಾಕಿ ಎಣಿಸುವುದೇ ಸುಲಭ ಅನ್ನಿಸಿತಂತೆ. ಅಣುಬಾಂಬಿನವರ ಲೆಕ್ಕಕ್ಕೆ ಹೋದ ಆ ಉಪಾಯ ಈಗ ನಮ್ಮ ಹಾಲ್‌ನಲ್ಲಿದೆ.

ಮಗನಿಗೆ ಇಷ್ಟವಾದ ಕಥೆ ಬೇರೆ. ಇದೇ ಕಂಪನಿಯ ಮ್ಯಾಡನ್ ಗೇಮ್ 2015ರ ಸೂಪರ್ ಬೌಲ್‌ಗೆ, ಅಂದರೆ ಇಲ್ಲಿನ ವೃತ್ತಿಪರ ಫುಟ್‌ಬಾಲಿನ ಫೈನಲ್‌ಗೆ, ಮುಂಚೆಯೇ ಪೇಟ್ರಿಯಟ್ಸ್ 28, ಸೀಹಾಕ್ಸ್ 24 ಅಂದಿತ್ತು. ಆದದ್ದೂ ಅಷ್ಟೇ, ಒಂದು ಅಂಕ ಆಚೀಚೆ ಇಲ್ಲ. "ವರ್ಷಾ ವರ್ಷಾ ಹೇಳ್ತಾರೆ, ತಪ್ಪಿದ್ದು ಯಾರಿಗೂ ನೆನಪಿರಲ್ಲ" ಎಂದು ಅವರಪ್ಪ ಗೊಣಗಿದರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

2024ರ ಆಗಸ್ಟಿನಲ್ಲಿ ಅವನು ಬಕೈ ಅಜ್ಜನಿಗೆ ಒಂದು ಹಾಳೆ ಬರೆದುಕೊಟ್ಟ. ಇಪ್ಪತ್ತು ಸೀಸನ್‌ಗಳ ಸಾರ. ಆರೆಗನ್ ವಿರುದ್ಧ ಸಮಸಮ, ಹತ್ತು ಗೆಲುವು ಹತ್ತು ಸೋಲು. ಮಿಶಿಗನ್ ವಿರುದ್ಧ ಹದಿನೇಳು ಗೆಲುವು. ಅಜ್ಜ ಅದನ್ನು ಫ್ರಿಜ್ಜಿನ ಮೇಲೆ ಅಂಟಿಸಿಕೊಂಡರು.

ಮಿಶಿಗನ್ ಎಂಬ ಹೆಸರನ್ನು ಅವರು ಬಾಯಲ್ಲಿ ಆಡುವುದಿಲ್ಲ. "ಉತ್ತರದ ಆ ತಂಡ" ಅನ್ನುತ್ತಾರೆ, ನಮ್ಮ ಕಡೆ ಹೆಂಗಸರು ರಾತ್ರಿ ಹೊತ್ತು ಹಾವಿನ ಹೆಸರು ಹೇಳದ ಹಾಗೆ. ಎರಡೂ ತಂಡ ಮೊದಲು ಎದುರಾದದ್ದು 1897ರಲ್ಲಿ. ಆ ಪಂದ್ಯದ ವಾರ ವಿಶ್ವವಿದ್ಯಾಲಯದ ಆವರಣದಲ್ಲಿ ಬೋರ್ಡುಗಳ ಮೇಲಿನ ಎಂ ಅಕ್ಷರಕ್ಕೆಲ್ಲ ಕೆಂಪು ಟೇಪಿನ ಅಡ್ಡಗೀಟು ಬೀಳುತ್ತದೆ. ನಮ್ಮ ಮನೆಯ ಅಂಚೆಪೆಟ್ಟಿಗೆಯ ಮೇಲಿನ ಹೆಸರೂ ಎಂ ಅಕ್ಷರದಿಂದಲೇ ಶುರು. ಇಲ್ಲಿಗೆ ಬಂದ ಮೊದಲ ನವೆಂಬರಿನಲ್ಲಿ ಒಂದು ಬೆಳಗ್ಗೆ ನೋಡಿದರೆ ಅದರ ಮೇಲೆ ರಕ್ತಗೆಂಪು ಕತ್ತರಿ ಗುರುತು. ಯಾರೋ ನಮ್ಮನ್ನು ಓಡಿಸಲು ಹೊರಟಿದ್ದಾರೆ ಅಂತ ನಾನು ಗಡಗಡ ನಡುಗಿ ಯಜಮಾನರಿಗೆ ಫೋನ್ ಮಾಡಿದ್ದೆ. ಮಧ್ಯಾಹ್ನ ಅಜ್ಜ ತಾವೇ ಬಂದು, ಕಡಲೆಕಾಯಿ ಬೆಣ್ಣೆಯ ಉಂಡೆಯನ್ನು ಚಾಕೊಲೇಟಿನಲ್ಲಿ ಅದ್ದಿ ಬಕೈ ಬೀಜದಂತೆ ಮಾಡಿದ ಸಿಹಿ ಕೊಟ್ಟು, ಸೋಮವಾರ ತೆಗೆದುಬಿಡುತ್ತೇನೆ ಅಂದರು. ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟ್ರು ಕಂಡಿದ್ದರೆ ಲೋಪಸಂಧಿಗೆ ಉದಾಹರಣೆ ಅನ್ನುತ್ತಿದ್ದರು. ಈಗ ಪ್ರತಿ ವರ್ಷ ಟೇಪ್ ಹಚ್ಚುವುದು ನಾನೇ.

2024ರ ಅಕ್ಟೋಬರಿನಲ್ಲಿ ಆರೆಗನ್ ಎದುರು 32-31, ಒಂದೇ ಅಂಕದಿಂದ ಸೋತರು. ಹಾಳೆಯಲ್ಲಿ ಸಮಸಮ ಅಂತ ತಾನೇ ಇದ್ದದ್ದು! ಅಜ್ಜನಿಗೆ ಸೋಲಿನ ದುಃಖಕ್ಕಿಂತ ಮಗನ ಮೇಲಿನ ಬೆರಗೇ ದೊಡ್ಡದಾಯಿತು. ನವೆಂಬರ್ 30ಕ್ಕೆ ಮಿಶಿಗನ್ ಬಂದಾಗ ಅದು ಆರು ಗೆದ್ದು ಐದು ಸೋತ ಬಡಕಲು ತಂಡ. ನಮ್ಮದು ದೇಶಕ್ಕೇ ಎರಡನೆಯದು. ಅಜ್ಜ ಅವತ್ತು ಬೆಳಗ್ಗೆಯೇ ನಮ್ಮನೆಗೆ ಬಂದು ಮಗನ ಕೈಗೆ ಕೈ ತಟ್ಟಿ ಸ್ಟೇಡಿಯಂಗೆ ಹೊರಟರು. ಆಟ ಮುಗಿಯಲು 45 ಸೆಕೆಂಡ್ ಇದ್ದಾಗ ಆ ಕಡೆಯವರು ಚೆಂಡನ್ನು ಒದ್ದು ಕಂಬಗಳ ನಡುವೆ ತೂರಿಸಿದರು. 13-10. ಸತತ ನಾಲ್ಕನೆಯ ವರ್ಷದ ಸೋಲು. ಟಿವಿಯಲ್ಲಿ ಲಕ್ಷ ಜನರ ಮೌನ ಕೇಳಿಸಿತು. ಗೆದ್ದವರು ಮೈದಾನದ ನಡುವೆ ಬಾವುಟ ನೆಡಲು ಹೋಗಿ ಹೊಡೆದಾಟವಾಗಿ, ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆಯಬೇಕಾಯಿತು.

ಸಂಜೆ ಅಜ್ಜನ ಕಾರು ಬಂದು ನಿಂತಿತು, ಬಹಳ ಹೊತ್ತು ಬಾಗಿಲು ತೆರೆಯಲಿಲ್ಲ. ಮಗ ಕಿಟಕಿಯಿಂದ ನೋಡುತ್ತಿದ್ದವನು ಅಳತೊಡಗಿದ. ತನ್ನಿಂದಲೇ ಆಯಿತು ಅಂತ ಅವನಿಗೆ. ನೋಟ್‌ಬುಕ್ ಎತ್ತಿಕೊಂಡು, ಕೋಟೂ ಹಾಕದೆ ಆ ಚಳಿಯಲ್ಲಿ ಓಡಿದ. ಹಿಂದೆಯೇ ಕೋಟು ಹಿಡಿದು ನಾನೂ ಹೋದೆ. "ಹದಿನೇಳು ಅಂತ ದೊಡ್ಡದಾಗಿ ಬರೆದೆ, ಉಳಿದ ಮೂರು ಸಲ ಏನಾಯ್ತು ಅಂತ ಬರೀಲಿಲ್ಲ" ಎಂದು ಬಿಕ್ಕುತ್ತ ಹೇಳುತ್ತಿದ್ದ. ಅಜ್ಜ ಕಾರಿನ ಗಾಜು ಇಳಿಸಿದರು. "ನೀನು ಹೇಳಿದ್ದೆ ಮಗು. ಕೇಳಿಸಿಕೊಳ್ಳದವನು ನಾನು" ಅಂದರು.

ಈ ಮಾತನ್ನು ನಾನು ಮುಂಚೆ ಎಲ್ಲೋ ಕೇಳಿದ್ದೇನೆ ಅನ್ನಿಸಿತು. ಆ ಕ್ಷಣಕ್ಕೆ ಹೊಳೆಯಲಿಲ್ಲ.

2025ರ ಜನವರಿ 20ರಂದು ನಮ್ಮ ಊರಿನ ಅದೇ ತಂಡ ನೋಟ್ರ ಡೇಮ್ ಅನ್ನು 34-23ರಿಂದ ಸೋಲಿಸಿ ದೇಶಕ್ಕೇ ಚಾಂಪಿಯನ್ ಆಯಿತು. ನಾಲ್ಕು ತಂಡಗಳ ಪ್ಲೇಆಫ್ ಆ ವರ್ಷದಿಂದ ಹನ್ನೆರಡಕ್ಕೆ ಏರಿದ್ದರಿಂದ ಜಾಗ ಸಿಕ್ಕಿತ್ತು. ಮಗ ನೋಟ್‌ಬುಕ್ ತಿರುವಿ ನೋಡಿದ: ಮಿಶಿಗನ್‌ಗೆ ಸೋತು ಚಾಂಪಿಯನ್ ಆದ ಸೀಸನ್ ಇಪ್ಪತ್ತರಲ್ಲಿ ಒಂದೂ ಇರಲಿಲ್ಲ.

ಫೆಬ್ರುವರಿಯಲ್ಲಿ ಊರಿನಿಂದ ಅಪ್ಪನ ವಿಡಿಯೊ ಕಾಲ್. ಪ್ರತಿ ವರ್ಷ ಭಾರತ ಹುಣ್ಣಿಮೆಯ ಜಾತ್ರೆಗೆ ಅವರು ಮೈಲಾರಕ್ಕೆ ಹೋಗುತ್ತಾರೆ. ಚಿಕ್ಕವಳಿದ್ದಾಗ ನಾನೂ ಚಕ್ಕಡಿಯಲ್ಲಿ ಕೂತು ಹೋಗಿದ್ದೇನೆ. ಡೆಂಕನಮರಡಿಯ ತುಂಬ ತಲೆಗಳು, ಏಳುಕೋಟಿ ಏಳುಕೋಟಿ ಚಾಂಗಮಲೋ ಎಂಬ ಕೂಗು, ಕಂಬಳಿ ಹೊದ್ದ ಗೊರವರ ಡಮರು, ಅರಿಸಿನದ ಧೂಳು. ಉಪವಾಸ ವ್ರತದಲ್ಲಿದ್ದ ಗೊರವಯ್ಯ ಎತ್ತರದ ಬಿಲ್ಲೇರಿ "ಸದ್ದಲೇ" ಅಂದರೆ ಸಾಕು, ಆ ಜನಸಾಗರ ಗಪ್‌ಚಿಪ್. ಎತ್ತಿನ ಕೊರಳ ಗಂಟೆ ಮಾತ್ರ ಕೇಳುತ್ತದೆ. ಒಂದು ಸಾಲು ನುಡಿದು ಅವನು ಮೇಲಿನಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ಸಾಲೇ ಕಾರ್ಣಿಕ, ಇಡೀ ವರ್ಷದ ಭವಿಷ್ಯ.

"ಏನ್ ನುಡದ್ರಪಾ ಈ ಸಲ?" ಅಂದೆ.

"ತುಂಬಿದ ಕೊಡ ತುಳುಕಿತಲೇ ಪರಾಕ್ ಅಂದಾನವ್ವಾ. ಮಳಿ ಚಲೋ ಐತಿ. ಕೆರಿ ಕೋಡಿ ಬೀಳ್ತಾವು." ಪಕ್ಕದಲ್ಲಿದ್ದ ಕಾಕಾ ತಲೆಹಾಕಿ, ಅದು ಸರ್ಕಾರದ ಕೊಡ, ತುಳುಕುವುದು ಕುರ್ಚಿ ಅಂದರು. ಅಲ್ಲೇ ಜಗಳ ಶುರುವಾಯಿತು.

ಮಗ ಫೋನಿಗೆ ಮುಖ ಒತ್ತಿ ಕೇಳಿದ: "ಅಜ್ಜಾ, ಅವರು ಎಷ್ಟು ಸಲ ಹೇಳ್ತಾರೆ?"

"ಒಮ್ಮೆ."

"ಒಂದೇ ಸಲನಾ? ಇನ್ನೊಂದು ಸಲ ಹತ್ತಿಸಿದ್ರೆ ಬೇರೆ ಏನಾದ್ರೂ ಹೇಳಬಹುದಲ್ವಾ? ನಾನು ಇಪ್ಪತ್ತು ಸಲ ಹೇಳಿಸ್ತೀನಿ."

ಅಪ್ಪ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕರು. "ಇಪ್ಪತ್ತು ಸಲ ಹೇಳಿಸಿದ್ರ ಅದು ಕಾರ್ಣಿಕ ಅಲ್ಲೋ ಮರಿ, ವಕೀಲಕಿ."

"ತಪ್ಪಾದ್ರೆ? ಯಾರು ಬರೆದಿಡ್ತಾರೆ?"

"ಕಾರ್ಣಿಕ ತಪ್ಪಂಗಿಲ್ಲಪಾ. ಅಂವಾ ಖರೇನ ಹೇಳಿರ್ತಾನ. ಕೇಳಿಸ್ಕೊಳ್ಳಾಕ ನಮಗ ಬರಂಗಿಲ್ಲ."

ಆಗ ಹೊಳೆಯಿತು. ನಾನು ಕಾಲೇಜಿನಲ್ಲಿದ್ದೆ, ಮಳೆ ಕೈಕೊಟ್ಟು ಎರಡು ವರ್ಷವಾಗಿತ್ತು. 2003ರ ಕಾರ್ಣಿಕವನ್ನು ಅಪ್ಪ ಒಳ್ಳೆಯ ಮಳೆ ಅಂತ ತಿಳಿದುಕೊಂಡರು. ಸಾಲ ತಂದು ಹತ್ತಿ ಬೀಜ ಹಾಕಿದರು. ಆ ವರ್ಷವೂ ಬರ. ಎರಡು ಎತ್ತು ಮಾರಿದ ದಿನ, ಖಾಲಿ ಗೋದಲಿಯ ಹತ್ತಿರ ಕೂತು ಇದೇ ಮಾತು ಹೇಳಿದ್ದರು. ನಾನು ಉರಿದುಬಿದ್ದಿದ್ದೆ. ತಪ್ಪಿದ ಲೆಕ್ಕವನ್ನು ಯಾರೂ ಬರೆದಿಡದ ಊರು ಇದು, ಇಲ್ಲಿ ಯಾವನೂ ಯಾವತ್ತೂ ತಪ್ಪುವುದೇ ಇಲ್ಲ ಅಂತ ಕೂಗಾಡಿ, ಮೂರು ದಿನ ಮಾತು ಬಿಟ್ಟಿದ್ದೆ. ಆ ಸಿಟ್ಟು ಈಗಲೂ ಪೂರ್ತಿ ಹೋಗಿಲ್ಲ. ನನ್ನ ಮಗ ತಪ್ಪಿಗೊಂದು ಕಾಲಂ ಎಳೆದು ಎಣಿಸುವುದನ್ನು ಕಂಡರೆ ಹೆಮ್ಮೆಯೇ ಆಗುತ್ತದೆ. ಆದರೆ ಕಾರಿನೊಳಗೆ ಕೂತ ಬಕೈ ಅಜ್ಜನ ಕೈಗೆ ಆ ಎಣಿಕೆ ಬಂದಿದ್ದರೂ, ಅವರ ಬಾಯಿಂದ ಹೊರಟದ್ದು ಗೋದಲಿಯ ಹತ್ತಿರದ ಮಾತೇ.

ಹಾಗಾಗಿ ಆ ಭಾನುವಾರ ನನ್ನ ನಗು ನಿಂತದ್ದು. ಅದೇ ಆಗಸ್ಟ್ 30ಕ್ಕೆ ಟೆಕ್ಸಸ್ ಜೊತೆ ಮೊದಲ ಪಂದ್ಯವಿತ್ತು, ಇಲ್ಲೇ. ಹೊಸ ಗೇಮ್ ಜುಲೈನಲ್ಲೇ ಬಂದಿತ್ತು. ಮಗ ರಾತ್ರಿ ಊಟಕ್ಕೂ ಏಳದೆ ಓಡಿಸುತ್ತಿದ್ದ. ನವೆಂಬರ್ 29ರ ಮಿಶಿಗನ್ ಪಂದ್ಯದ ಕೊನೆಯ ಸಾಲು ಖಾಲಿ ಬಿಟ್ಟ ಹಾಳೆಯೊಂದು ಆಗಲೇ ಅಜ್ಜನ ಫ್ರಿಜ್ಜಿಗೆ ಹೋಗಿತ್ತು.

ಆಮೇಲೊಂದು ದಿನ ಹಾಲ್ ಗುಡಿಸುವಾಗ ಸೋಫಾದ ಕೆಳಗೆ ಅವನ ಕನ್ನಡ ತರಗತಿಯ ಕಾಪಿ ಸಿಕ್ಕಿತು. ಅಆಇಈ ತಿದ್ದಿದ ಪುಟಗಳಾದ ಮೇಲೆ, ಕೊನೆಯ ಪುಟದಲ್ಲಿ ಇಪ್ಪತ್ತು ಸಾಲು. ಪ್ರತಿ ಸಾಲಿನ ಮೊದಲಲ್ಲೂ ಬಾಲ ಸರಿಯಾಗಿ ಬಾರದ ಒಂದು ಮ, ಅದರ ಮೇಲೆ ಕೆಂಪು ಪೆನ್ನಿನ ಅಡ್ಡಗೀಟು, ಆಮೇಲೆ ಕನ್ನಡ ಅಂಕಿಗಳು. ಗುಡಿಸುವುದನ್ನು ಬಿಟ್ಟು ಕೂತು ಎಣಿಸಿದೆ. ಮಗ ಬಾಗಿಲಲ್ಲಿ ನಿಂತಿದ್ದ.

"ಅಮ್ಮಾ, ಅವರಿಗೆ ಹೇಳಬೇಡ."

"ಪ್ರಾಮಿಸ್ ಮಾಡಿದ್ದೆ ಅಂದೆ?"

"ಕನ್ನಡದಲ್ಲಿ ಬರೆದಿದೀನಲ್ಲ."

ಎಷ್ಟು ಸಲ ಗೆದ್ದರು ಅನ್ನುವುದನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಬಕೈ ಅಜ್ಜನಿಗೆ ಕನ್ನಡ ಬರುವುದಿಲ್ಲ ನಿಜ. ಆದರೆ ಈಗಿನ ಫೋನುಗಳಿಗೆ ಬರುತ್ತದೆ.