ಚಿಕ್ಕ ಕ್ಯಾಬಿನೆಟ್, ದೊಡ್ಡ ಬಿಡಿಭಾಗಗಳು: ಅಳತೆ ಎಲ್ಲಿಂದ ಶುರು ಮಾಡಬೇಕು

ಯಾವ ಕಂಪ್ಯೂಟರ್ ಕ್ಯಾಬಿನೆಟ್‌ನ ವಿವರಪಟ್ಟಿ ತೆಗೆದರೂ ಮೂರು ಗರಿಷ್ಠ ಅಳತೆಗಳಿರುತ್ತವೆ: ಗ್ರಾಫಿಕ್ಸ್ ಕಾರ್ಡಿನ ಉದ್ದ, ಸಿಪಿಯು ಕೂಲರಿನ ಎತ್ತರ, ಎಲ್ಲಕ್ಕೂ ಕರೆಂಟ್ ಕೊಡುವ ಎಸ್‌ಎಂಪಿಎಸ್‌ನ ಉದ್ದ. ಬಿಡಿಬಿಡಿಯಾಗಿ ನೋಡಿದರೆ ಮೂರೂ ನಿಜ. 45 ಲೀಟರ್ ಗಾತ್ರದ ಟವರ್ ಕ್ಯಾಬಿನೆಟ್‌ನಲ್ಲಿ ಮೂರೂ ಒಟ್ಟಿಗೇ ನಿಜ. 20 ಲೀಟರಿನ ಡಬ್ಬಕ್ಕೆ ಬಂದಾಗ ಹಾಗಿರುವುದು ಅಪರೂಪ, ಏಕೆಂದರೆ ಅಲ್ಲಿ ಒಂದು ಭಾಗಕ್ಕೆ ಕೊಟ್ಟ ಜಾಗ ಇನ್ನೊಂದು ಭಾಗದ ಪಾಲಿನದು.

ಫ್ರ್ಯಾಕ್ಟಲ್ ಟೆರಾ ಇದನ್ನು ಮುಚ್ಚಿಡದೆ ಹೇಳುತ್ತದೆ. 10.4 ಲೀಟರಿನ ಆ ಕ್ಯಾಬಿನೆಟ್‌ನ ನಡುಗೋಡೆಯನ್ನು ಆಚೀಚೆ ಸರಿಸಬಹುದು. ಕೂಲರಿಗೆ 77 ಮಿ.ಮೀ. ಕೊಟ್ಟರೆ ಕಾರ್ಡಿನ ದಪ್ಪಕ್ಕೆ ಉಳಿಯುವುದು 43. ಕಾರ್ಡಿಗೆ 72 ಕೊಟ್ಟರೆ ಕೂಲರಿಗೆ 48. ಎರಡೂ ತುದಿಯಲ್ಲಿ ಮೊತ್ತ 120. ಬೇರೆ ಕ್ಯಾಬಿನೆಟ್‌ಗಳಲ್ಲೂ ಇದೇ ಹಂಚಿಕೆ ನಡೆದಿರುತ್ತದೆ, ಪಟ್ಟಿಯಲ್ಲಿ ಮಾತ್ರ ಕಾಣುವುದಿಲ್ಲ. ಹಾಗಾಗಿ ಲೀಟರ್ ನೋಡಿ ಕ್ಯಾಬಿನೆಟ್ ಆರಿಸಿ, ಆಮೇಲೆ ಭಾಗಗಳನ್ನು ಹುಡುಕುವ ಕ್ರಮವೇ ತಪ್ಪು ಎನ್ನುತ್ತೇನೆ. ಭಾಗಗಳನ್ನು ಮೊದಲು ಬರೆದುಕೊಳ್ಳಿ. ಯಾವ ಗೋಡೆಯ ಹತ್ತಿರ ಯಾವುದು ಯಾವುದಕ್ಕೆ ತಾಗುತ್ತದೆ ಎಂದು ನೋಡಿ. ಲೀಟರಿನ ಲೆಕ್ಕ ಕೊನೆಗೆ ಬರಲಿ. ಆ ಲೀಟರ್ ಕೂಡ ಅಳೆಯುವವರ ಮೇಲೆ ಹೋಗುತ್ತದೆ. ಕೂಲರ್ ಮಾಸ್ಟರ್ ಎನ್‌ಆರ್200 ಅನ್ನು 18.25 ಲೀಟರ್ ಎನ್ನುವಾಗ ಕಾಲು, ಉಬ್ಬುಗಳನ್ನು ಬಿಟ್ಟಿರುತ್ತಾರೆ. ಅವನ್ನು ಸೇರಿಸಿದರೆ 20 ದಾಟುತ್ತದೆ. ಮೇಜಿನ ಮೇಲೆ ಜಾಗ ಹಿಡಿಯುವುದು ಕಾಲು ಸಮೇತ ಇರುವ ಪೆಟ್ಟಿಗೆ.

ಮೊದಲು ಮದರ್‌ಬೋರ್ಡ್. ಎಟಿಎಕ್ಸ್ ಬೋರ್ಡ್ 305 × 244 ಮಿ.ಮೀ., ಮೈಕ್ರೋ ಎಟಿಎಕ್ಸ್ 244 × 244, ಮಿನಿ ಐಟಿಎಕ್ಸ್ 170 × 170. ಮೊದಲೆರಡರ ನಡುವಿನ 61 ಮಿ.ಮೀ. ಅಂದರೆ ಸರಿಯಾಗಿ ಮೂರು ಸ್ಲಾಟ್ (ಕಾರ್ಡ್ ಚುಚ್ಚುವ ಜಾಗ), ಒಂದೊಂದು 20.32 ಮಿ.ಮೀ. 205 ಮಿ.ಮೀ. ಅಗಲ, 400 ಮಿ.ಮೀ. ಆಳದ ಪೆಟ್ಟಿಗೆಯಲ್ಲಿ ಆ ಮೂರು ಸ್ಲಾಟಿಗೆ 5 ಲೀಟರ್ ಖರ್ಚಾಗುತ್ತದೆ. ಒಂದೇ ಗ್ರಾಫಿಕ್ಸ್ ಕಾರ್ಡ್ ಹಾಕಿ, ಉಳಿದದ್ದಕ್ಕೆ ಬೋರ್ಡಿನ ಮೇಲೆಯೇ ಕೂರುವ ಎಂ.2 ಎಸ್‌ಎಸ್‌ಡಿ ಬಳಸುವವರಿಗೆ ಆ ಸ್ಲಾಟ್‌ಗಳು ಖಾಲಿಯೇ ಉಳಿಯುತ್ತವೆ. ಕ್ಯಾಪ್ಚರ್ ಕಾರ್ಡ್, ನೆಟ್‌ವರ್ಕ್ ಕಾರ್ಡ್ ಎರಡೂ ಬೇಕು ಅನ್ನುವವರ ಮಾತು ಬೇರೆ.

ಎಸ್‌ಎಂಪಿಎಸ್ ವಿಷಯದಲ್ಲಿ ನನ್ನ ಅಭಿಪ್ರಾಯ ಬಹಳ ಜನರಿಗಿಂತ ಭಿನ್ನ. ಚಿಕ್ಕ ಕ್ಯಾಬಿನೆಟ್ ಎಂದ ಕೂಡಲೇ ಎಸ್‌ಎಫ್‌ಎಕ್ಸ್ ಎಂಬ ಚಿಕ್ಕ ಅಳತೆಯ ಎಸ್‌ಎಂಪಿಎಸ್ ಕಡೆ ಓಡುವ ಅಗತ್ಯವಿಲ್ಲ. ಎಟಿಎಕ್ಸ್ ಎಸ್‌ಎಂಪಿಎಸ್ 150 × 86 ಮಿ.ಮೀ., ಉದ್ದ 140ರಿಂದ ಮೇಲೆ; 140ರದ್ದು ಸುಮಾರು 1.8 ಲೀಟರ್. ಎಸ್‌ಎಫ್‌ಎಕ್ಸ್ 125 × 63.5 × 100, ಅಂದರೆ 0.8 ಲೀಟರ್. ಉಳಿಯುವುದು ಒಂದೇ ಲೀಟರ್. ಅದಕ್ಕೆ ಬದಲಾಗಿ ಹೆಚ್ಚು ದುಡ್ಡು, ಕಡಿಮೆ ಆಯ್ಕೆ, ಚಿಕ್ಕ ಫ್ಯಾನ್. 25ರಿಂದ 33 ಲೀಟರ್ ನಡುವೆ ಎಟಿಎಕ್ಸ್ ಎಸ್‌ಎಂಪಿಎಸ್, ಟವರ್ ಕೂಲರ್, ಉದ್ದನೆಯ ಕಾರ್ಡ್ ಮೂರನ್ನೂ ನುಂಗುವ ಮೈಕ್ರೋ ಎಟಿಎಕ್ಸ್ ಕ್ಯಾಬಿನೆಟ್‌ಗಳಿವೆ. ಏಸಸ್ ಪ್ರೈಮ್ ಎಪಿ201 33 ಲೀಟರ್: ಕಾರ್ಡಿಗೆ 338 ಮಿ.ಮೀ., ಕೂಲರಿಗೆ 170, ಎಸ್‌ಎಂಪಿಎಸ್‌ಗೆ 180. ಲಿಯನ್ ಲಿ ಎ3 26.3 ಲೀಟರ್: ಕೂಲರಿಗೆ 165, ಕಾರ್ಡಿಗೆ 415. ಈ 415ನ್ನು ನಂಬುವ ಮೊದಲು ಎಸ್‌ಎಂಪಿಎಸ್ ಎಲ್ಲಿ ಕೂತಿರುತ್ತದೆ ಎಂದು ಮ್ಯಾನುಯಲ್‌ನಲ್ಲಿ ನೋಡಿ. ಈ ಬಗೆಯ ಕ್ಯಾಬಿನೆಟ್‌ಗಳಲ್ಲಿ ಎಸ್‌ಎಂಪಿಎಸ್ ಹಿಂಬದಿಯಲ್ಲಿರದೆ ಮುಂಭಾಗದಲ್ಲಿರುತ್ತದೆ, ಒಳಗಿನಿಂದ ಒಂದು ಪವರ್ ಎಕ್ಸ್‌ಟೆನ್ಷನ್ ವೈರ್ ಹಿಂದಕ್ಕೆ ಹೋಗುತ್ತದೆ. ಎಸ್‌ಎಂಪಿಎಸ್ ಕೆಳಕ್ಕೆ ಬಂದಷ್ಟೂ ಕಾರ್ಡಿನ ತುದಿಗೆ ಅಡ್ಡ ಬರುತ್ತದೆ.

ಇನ್ನೊಂದು ಗಮನಿಸಬೇಕಾದದ್ದು: ಮಾಡ್ಯುಲರ್ (ವೈರ್‌ಗಳನ್ನು ಬಿಚ್ಚಿ ತೆಗೆಯಬಹುದಾದ) ಎಸ್‌ಎಂಪಿಎಸ್‌ನ ಉದ್ದ ಎಂದು ಬರೆದಿರುವುದು ಲೋಹದ ಡಬ್ಬದ ಉದ್ದ ಮಾತ್ರ. ಕನೆಕ್ಟರ್ ಚುಚ್ಚಿ ವೈರನ್ನು ಬಗ್ಗಿಸಲು ಇನ್ನೂ 30 ಮಿ.ಮೀ. ಆದರೂ ಬೇಕು. 180 ಬಿಟ್ಟಿರುವ ಕಡೆ 180ರದ್ದೇ ತಂದರೆ ಡಬ್ಬ ಕೂರುತ್ತದೆ, ವೈರ್ ಕೂರುವುದಿಲ್ಲ. 140 ಮಿ.ಮೀ.ನ 750 ವಾಟ್ ಘಟಕಗಳು ಈಗ ಸುಲಭವಾಗಿ ಸಿಗುತ್ತವೆ. ಕಾರ್ಸೇರ್‌ನ ಆರ್‌ಎಂ750ಇ ಅಂಥದ್ದು. ಉಲ್ಟಾ ಸಮಸ್ಯೆಯೂ ಇದೆ: ಎಸ್‌ಎಫ್‌ಎಕ್ಸ್ ತಂದು ಅಡಾಪ್ಟರ್ ಪ್ಲೇಟ್ ಹಾಕಿ ಎಟಿಎಕ್ಸ್ ಜಾಗದಲ್ಲಿ ಕೂರಿಸಿದರೆ ಅದರ 24 ಪಿನ್ ವೈರ್ ಸುಮಾರು 300 ಮಿ.ಮೀ. ಮಾತ್ರ ಇರುತ್ತದೆ, ಮೈಕ್ರೋ ಎಟಿಎಕ್ಸ್ ಕ್ಯಾಬಿನೆಟ್‌ನಲ್ಲಿ ಬೋರ್ಡಿನ ತುದಿಗೆ ಮುಟ್ಟದೇ ಹೋಗಬಹುದು.

ಹೆಚ್ಚು ಎಡವುವುದು ಗ್ರಾಫಿಕ್ಸ್ ಕಾರ್ಡಿನಲ್ಲಿ. ಎಲ್ಲರೂ ಉದ್ದ ನೋಡುತ್ತಾರೆ, ಕೈಕೊಡುವುದು ಎತ್ತರ. ಎತ್ತರ ಎಂದರೆ ಮದರ್‌ಬೋರ್ಡಿನಿಂದ ಸೈಡ್ ಪ್ಯಾನೆಲ್ ಕಡೆಗೆ ಕಾರ್ಡ್ ಎಷ್ಟು ಚಾಚಿಕೊಂಡಿದೆ ಎಂಬುದು. ಕಾರ್ಡನ್ನು ಬೋರ್ಡಿಗೆ ಸೇರಿಸುವ ಪಿಸಿಐ ಎಕ್ಸ್‌ಪ್ರೆಸ್ ಮಾನದಂಡದ ಪ್ರಕಾರ ಪೂರ್ಣ ಎತ್ತರದ ಕಾರ್ಡ್ ಸುಮಾರು 111 ಮಿ.ಮೀ. ಇರಬೇಕು, ಆರ್‌ಟಿಎಕ್ಸ್ 4090 ಫೌಂಡರ್ಸ್ ಎಡಿಷನ್ 137, ಏಸಸ್ ಆರ್‌ಒಜಿ ಸ್ಟ್ರಿಕ್ಸ್ 4090 149. ಆ ಸ್ಟ್ರಿಕ್ಸ್‌ನ ಉದ್ದ ಸುಮಾರು 358, ಹಾಗಾಗಿ ಎಪಿ201ನ ಒಳಗೆ ಹೋಗುವುದೇ ಇಲ್ಲ. ಎತ್ತರದ ಮೇಲೆ ಪವರ್ ವೈರ್ ಬರುತ್ತದೆ. 16 ಪಿನ್‌ನ ಹೊಸ ಕನೆಕ್ಟರಿಗೆ ಬಾಯಿಯಿಂದ 35 ಮಿ.ಮೀ.ವರೆಗೆ ವೈರ್ ಬಗ್ಗಿಸಬಾರದು ಎಂಬ ಸಲಹೆಯನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಕನೆಕ್ಟರ್ ಪೂರ್ತಿ ಕೂರದೆ ಓರೆಯಾಗಿ ನಿಂತರೆ ಕೆಲವೇ ಪಿನ್‌ಗಳ ಮೇಲೆ ಕರೆಂಟ್ ಹರಿದು ಪ್ಲಾಸ್ಟಿಕ್ ಕರಗುತ್ತದೆ. ಸೈಡ್ ಪ್ಯಾನೆಲ್ ಒತ್ತಿ ಮುಚ್ಚಿದ ಕ್ಯಾಬಿನೆಟ್‌ನಲ್ಲಿ ಈ ಅಪಾಯ ಹೆಚ್ಚು.

ಲೆಕ್ಕ ಸರಳ. ಕಾರ್ಡಿನ ಎತ್ತರಕ್ಕೆ 35 ಕೂಡಿಸಿ, ಕ್ಯಾಬಿನೆಟ್ ಕೂಲರಿಗೆ ಬಿಟ್ಟಿರುವ ಎತ್ತರದ ಪಕ್ಕ ಇಟ್ಟು ನೋಡಿ. ಅಗಲ ಎರಡಕ್ಕೂ ಒಂದೇ, ಆದ್ದರಿಂದ ಈ ಹೋಲಿಕೆ ನಡೆಯುತ್ತದೆ. 137ಕ್ಕೆ 35 ಸೇರಿದರೆ 172: 170ರ ಎಪಿ201ನಲ್ಲಿ ಅಂಚಿನಲ್ಲಿ ನಿಲ್ಲುತ್ತದೆ. 149ಕ್ಕೆ 35 ಸೇರಿದರೆ 184: ಅದು ಆಗದ ಮಾತು. ಅಂಥ ಕಡೆ ಎಸ್‌ಎಂಪಿಎಸ್ ಕಂಪನಿಯೇ ಮಾರುವ 90 ಡಿಗ್ರಿ ವೈರ್ ಹುಡುಕಿ, ಅಥವಾ ಕನೆಕ್ಟರ್ ಹೀಟ್‌ಸಿಂಕ್‌ನ ಒಳಗೆ ತಗ್ಗಿನಲ್ಲಿರುವ ಕಾರ್ಡ್ ಆರಿಸಿ. ಎಂಟು ಪಿನ್‌ನ ಹಳೆಯ ಕನೆಕ್ಟರಿನ ಕಾರ್ಡುಗಳಲ್ಲಿ ವೈರ್ ಇಷ್ಟು ಸೂಕ್ಷ್ಮವಲ್ಲ. ಚಿಕ್ಕ ಕ್ಯಾಬಿನೆಟ್ ಕಟ್ಟುವವರು ಅದನ್ನೂ ಪರಿಗಣಿಸಬೇಕು.

ದಪ್ಪದ ಮಾತು ಬೇಗ ಮುಗಿಯುತ್ತದೆ: ಮೂರು ಸ್ಲಾಟಿನ ಕಾರ್ಡ್ ಸುಮಾರು 61 ಮಿ.ಮೀ. ನಾಲ್ಕು ಸ್ಲಾಟಿನ ಕ್ಯಾಬಿನೆಟ್‌ನಲ್ಲಿ ಅದರ ಕೆಳಗೆ 20 ಮಿ.ಮೀ. ಉಳಿಯುತ್ತದೆ. ತಳದಲ್ಲಿ ಜಾಲರಿ ಇದ್ದರೆ ಸಾಕು, ತಗಡಿದ್ದರೆ ಕಾರ್ಡಿಗೆ ಉಸಿರು ಕಟ್ಟುತ್ತದೆ.

ಕೂಲರಿನಲ್ಲಿ ಪಟ್ಟಿಯ ಅಂಕಿ ಮೋಸ ಮಾಡುವುದು ರ‍್ಯಾಮ್‌ನಿಂದಾಗಿ. ನಾಕ್ಟುವಾ ಎನ್‌ಎಚ್-ಡಿ15ರ ಎತ್ತರ 165 ಮಿ.ಮೀ., ಎ3ರ ಮಿತಿಯೂ 165. ಕಾಗದದ ಮೇಲೆ ಸರಿಹೊಂದಿತು. ಆದರೆ ಅದರ ಮುಂದಿನ ಫ್ಯಾನ್ ಅಡಿ ರ‍್ಯಾಮ್‌ಗೆ ಇರುವುದು 32 ಮಿ.ಮೀ. ಮಾತ್ರ. ಬಣ್ಣದ ದೀಪವಿರುವ 44 ಮಿ.ಮೀ.ನ ಸ್ಟಿಕ್ ಹಾಕಿದರೆ ಫ್ಯಾನನ್ನು 12 ಮಿ.ಮೀ. ಮೇಲೆ ಕ್ಲಿಪ್ ಮಾಡಬೇಕು, ಒಟ್ಟು 177. ಪ್ಯಾನೆಲ್ ಮುಚ್ಚುವುದಿಲ್ಲ. ತಗ್ಗಿನ ರ‍್ಯಾಮ್ ತನ್ನಿ, ಇಲ್ಲವೇ 120 ಮಿ.ಮೀ. ಫ್ಯಾನಿನ ಕೂಲರ್ ಸಾಕು ಎಂದುಕೊಳ್ಳಿ. ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ 155 ಮಿ.ಮೀ.; ಎ3ನಲ್ಲಿ ಅದರ ಮೇಲೆ 10 ಮಿ.ಮೀ. ಉಳಿಯುತ್ತದೆ. ನೀರಿನ ಕೂಲರ್ ಎನ್ನುವವರು 27 ಮಿ.ಮೀ. ರೇಡಿಯೇಟರ್‌ಗೆ 25 ಮಿ.ಮೀ. ಫ್ಯಾನ್ ಸೇರಿಸಿ 52 ಎಂದು ಬರೆದುಕೊಳ್ಳಿ. ಅದನ್ನು ಮುಂದೆ ಹಾಕಿದರೆ ಕಾರ್ಡಿನ ಉದ್ದದಿಂದ ಕಳೆಯಿರಿ, ಮೇಲೆ ಹಾಕಿದರೆ ರ‍್ಯಾಮ್ ಮತ್ತು ಸಿಪಿಯು ಪವರ್ ಕನೆಕ್ಟರಿಗೆ ತಾಗುತ್ತದೋ ನೋಡಿ.

ಸ್ಯಾಂಡ್‌ವಿಚ್ ವಿನ್ಯಾಸದ (ಬೋರ್ಡ್ ಒಂದು ಬದಿ, ಕಾರ್ಡ್ ಅದರ ಬೆನ್ನಿಗೆ), ಎರಡನ್ನೂ ಜೋಡಿಸುವ ರೈಸರ್ ಕೇಬಲ್ ಇರುವ ಕ್ಯಾಬಿನೆಟ್ ಕೊಳ್ಳುವವರಿಗೆ ಒಂದೇ ಮಾತು: ರೈಸರ್ ಪಿಸಿಐ ಎಕ್ಸ್‌ಪ್ರೆಸ್ 4ನೇ ತಲೆಮಾರಿನದಾಗಿದ್ದು (ಜೆನ್ 4) ಕಾರ್ಡ್ 5ನೆಯದಾಗಿದ್ದರೆ, ಬಯೋಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪರದೆ) ಸ್ಲಾಟನ್ನು ಮೊದಲೇ ಜೆನ್ 4ಕ್ಕೆ ಇಡಿ. ಇಲ್ಲದಿದ್ದರೆ ಪರದೆ ಕಪ್ಪಾಗಿಯೇ ಉಳಿಯಬಹುದು, ಕಾರ್ಡ್ ಕೆಟ್ಟಿದೆ ಎಂದು ಅಂಗಡಿಗೆ ಅಲೆಯುವಂತಾಗುತ್ತದೆ.

ಬಿಸಿಯ ವಿಷಯ ಕರ್ನಾಟಕದೊಳಗೇ ಊರಿಂದ ಊರಿಗೆ ಬದಲಾಗುತ್ತದೆ. ಫ್ಯಾನಿನ ವೇಗ ಒಂದೇ ಇದ್ದರೆ, ಒಳಗೆ ಹೋಗುವ ಗಾಳಿ 10 ಡಿಗ್ರಿ ಹೆಚ್ಚು ಬಿಸಿಯಿದ್ದಾಗ ಚಿಪ್ ಕೂಡ ಹೆಚ್ಚುಕಡಿಮೆ 10 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ. ತಂಪು ದೇಶದ ಕೋಣೆಯಲ್ಲಿ ಮಾಡಿದ ಪರೀಕ್ಷೆಯ ಅಂಕಿಗಳು ಬೆಂಗಳೂರಿನ ಡಿಸೆಂಬರ್‌ಗೆ ಹೊಂದಬಹುದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಎಸಿ ಇಲ್ಲದ ಕೋಣೆಗೆ ಹೊಂದುವುದಿಲ್ಲ. ಅಲ್ಲಿಯವರು ಗಾಜಿನ ಪ್ಯಾನೆಲ್ ಬಿಟ್ಟು ಜಾಲರಿ ಪ್ಯಾನೆಲ್ ತೆಗೆದುಕೊಳ್ಳಿ. ತಳದಿಂದ ಗಾಳಿ ಒಳಕ್ಕೆ, ಮೇಲಿಂದ ಮತ್ತು ಹಿಂದಿನಿಂದ ಹೊರಕ್ಕೆ ಇರಲಿ. ತಳದ ಧೂಳಿನ ಜಾಲರಿ ಕ್ಯಾಬಿನೆಟ್ ಮಗುಚದೆ ಎಳೆದು ತೆಗೆಯುವಂತಿದೆಯೇ ಎಂದೂ ನೋಡಿ. ತೆಗೆಯಲು ಕಷ್ಟವಾದರೆ ಯಾರೂ ತೊಳೆಯುವುದಿಲ್ಲ.

ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಹೋಗಿ ಕೊಳ್ಳುವವರು ಟೇಪ್ ಒಯ್ಯಿರಿ, ತೆರೆದಿಟ್ಟ ಕ್ಯಾಬಿನೆಟ್ ಇದ್ದರೆ ತೋರಿಸಲು ಕೇಳಿ. ಬೋರ್ಡಿನ ಬಲ ಅಂಚು ಬರುವ ಜಾಗಕ್ಕೂ ಎಸ್‌ಎಂಪಿಎಸ್‌ಗೂ ನಡುವೆ 40 ಮಿ.ಮೀ. ಇದೆಯೇ ಅಳೆಯಿರಿ. ಮುಂದಿನ ಯುಎಸ್‌ಬಿ 3ರ ದಪ್ಪ ವೈರ್ ಅಲ್ಲೇ ಬಗ್ಗಬೇಕು, ಅದು ಸುಲಭಕ್ಕೆ ಬಗ್ಗುವ ಜಾತಿಯದಲ್ಲ. ಜಾಗ ಸಾಲದಿದ್ದರೆ 19 ಪಿನ್‌ನ 90 ಡಿಗ್ರಿ ಅಡಾಪ್ಟರ್ ಸಿಗುತ್ತದೆ.

ಜೋಡಿಸುವಾಗ ಕ್ರಮ ತಪ್ಪಿದರೆ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ. ರ‍್ಯಾಮ್, ಎಂ.2, ಕೂಲರಿನ ಹಿಂಬದಿ ಪ್ಲೇಟ್ ಇವೆಲ್ಲ ಬೋರ್ಡ್ ಹೊರಗಿರುವಾಗಲೇ ಆಗಲಿ. ಸಿಪಿಯುವಿನ ಎಂಟು ಪಿನ್ ವೈರನ್ನು ಮೂಲೆಯ ತೂತಿನಿಂದ ಮೊದಲೇ ಎಳೆದಿಡಿ; ಬೋರ್ಡ್ ಮತ್ತು ಟವರ್ ಕೂಲರ್ ಕೂತ ಮೇಲೆ ಅಲ್ಲಿಗೆ ಬೆರಳು ಹೋಗುವುದಿಲ್ಲ. ಬೋರ್ಡಿನ ಕೆಳ ಅಂಚಿನ ಪವರ್ ಬಟನ್, ಆಡಿಯೋ, ಯುಎಸ್‌ಬಿ 2 ವೈರ್‌ಗಳು ಕಾರ್ಡಿಗಿಂತ ಮುಂಚೆ ಸೇರಬೇಕು, ಮೂರು ಸ್ಲಾಟಿನ ಕಾರ್ಡ್ ಅವನ್ನು ಪೂರ್ತಿ ಮುಚ್ಚಿಬಿಡುತ್ತದೆ. ಎಸ್‌ಎಂಪಿಎಸ್‌ಗೆ ಬೇಕಾದಷ್ಟೇ ವೈರ್ ಚುಚ್ಚಿ, ಉಳಿದವು ಡಬ್ಬದಲ್ಲೇ ಇರಲಿ. ಕಾರ್ಡ್ ಕೊನೆಗೆ. ಅದನ್ನು ಹಾಕುವ ಮೊದಲು ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್‌ನಲ್ಲೇ ಒಮ್ಮೆ ಆನ್ ಮಾಡಿ ಬಯೋಸ್ ಬರುವುದನ್ನು ನೋಡಿಕೊಳ್ಳಿ. ಇಂಟೆಲ್‌ನ ಎಫ್ ಸರಣಿಯ ಪ್ರೊಸೆಸರ್‌ಗಳಲ್ಲಿ ಆ ಸೌಲಭ್ಯ ಇರುವುದಿಲ್ಲ, ಅಂಥವರು ಕಾರ್ಡನ್ನೂ ಹಾಕಿ, ಸೈಡ್ ಪ್ಯಾನೆಲ್ ತೆರೆದಿಟ್ಟೇ ಪರೀಕ್ಷಿಸಬೇಕು.